ನೋಡಿ ಬರೆದದ್ದು ಬೇರೆ, ತಾನೇ ಬರೆದದ್ದು ಬೇರೆ: ಚಿಕ್ಕ ಮಕ್ಕಳ ಬರವಣಿಗೆಯನ್ನು ಅಳೆಯುವ ಬಗೆ

ಮಗುವಿನ ಬರವಣಿಗೆ ಎಲ್ಲಿಗೆ ಬಂದಿದೆ ಎಂದು ತಿಳಿಯಬೇಕಾದರೆ ಮೊದಲು ಕಾಪಿ ಪುಸ್ತಕವನ್ನು ಪಕ್ಕಕ್ಕಿಡಿ. ಬೋರ್ಡು ನೋಡಿ ಹತ್ತು ಸಲ ಬರೆದ 'ಗರಗಸ' ಕೈಯ ಅಭ್ಯಾಸವನ್ನಷ್ಟೇ ತೋರಿಸುತ್ತದೆ. ಎಷ್ಟೋ ಮಕ್ಕಳು ಮೊದಲು ಪುಟದುದ್ದಕ್ಕೂ ಗ ಬರೆದು, ಅದರ ಪಕ್ಕ ಸಾಲಾಗಿ ರ ಬರೆದು, ಕಂಬ ಕಂಬವಾಗಿ ಪುಟ ತುಂಬಿಸುತ್ತಾರೆ. ಅಲ್ಲಿ ಗರಗಸ ಎಂಬ ಪದವೇ ಇಲ್ಲ, ನಾಲ್ಕು ಕಂಬಗಳಿವೆ. ಅದಕ್ಕೆ ಕೆಂಪು ಇಂಕಿನ ರೈಟು ಬೀಳುತ್ತದೆ, ಪೋಷಕರ ಸಭೆಯಲ್ಲಿ 'ಅಕ್ಷರ ಚೆನ್ನಾಗಿದೆ' ಎಂಬ ಮಾತೂ ಬರುತ್ತದೆ. ಖಾಲಿ ಹಾಳೆ ಕೊಟ್ಟು 'ಬೆಳಿಗ್ಗೆ ಏನು ತಿಂದೆ, ಬರಿ' ಎಂದಾಗ ಮಾತ್ರ ನಿಜ ಸಂಗತಿ ಹೊರಬೀಳುತ್ತದೆ.

ಇಲ್ಲಿ ಹೇಳುವ ಕ್ರಮ ಮೂರರಿಂದ ಏಳೂವರೆ ವರ್ಷದ ಮಕ್ಕಳಿಗೆ. ಅಂಗನವಾಡಿ, ಎಲ್‌ಕೆಜಿ–ಯುಕೆಜಿ, ನಲಿಕಲಿಯ (ಸರ್ಕಾರಿ ಶಾಲೆಗಳ ಚಟುವಟಿಕೆ ಆಧಾರಿತ ಕಲಿಕೆ) ಒಂದು ಮತ್ತು ಎರಡನೇ ತರಗತಿ, ಎಲ್ಲ ಕಡೆ ನಡೆಯುತ್ತದೆ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯ ತರಗತಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂಬ ಮಕ್ಕಳು ಅರ್ಧಕ್ಕರ್ಧ ಕೂತಿರುವಲ್ಲಿ ಬರವಣಿಗೆಯನ್ನು ಅಳೆಯುವ ಕೋಲೂ ಸ್ವಲ್ಪ ಬೇರೆಯಿರಬೇಕು.

ನೋಡಬೇಕಾದ ಎಳೆಗಳು ಮೂರು. ಕೈ, ಅಂದರೆ ಗೆರೆಯ ಮೇಲಿನ ಹಿಡಿತ. ಕಿವಿ, ಅಂದರೆ ಕೇಳಿದ ಸದ್ದನ್ನು ಅಕ್ಷರವಾಗಿಸುವ ತಿಳಿವು. ಮಾತು, ಅಂದರೆ ಹಾಳೆಯ ಮೇಲೆ ಇಡಲು ಮಗುವಿನ ಬಳಿ ಇರುವ ವಿಷಯ. ಇವು ಒಟ್ಟೊಟ್ಟಿಗೆ ಬೆಳೆಯುವುದಿಲ್ಲ. ದುಂಡಗೆ ಬರೆಯುವ ಮಗುವಿಗೆ ಕಿವಿ ಇನ್ನೂ ತೆರೆದಿರಲಿಕ್ಕಿಲ್ಲ. ಕಾಗೆ ಕಾಲು ಅಕ್ಷರದ ಮಗು ಇಡೀ ಸಂತೆಯ ಕಥೆಯನ್ನು ಮೂರು ಸಾಲಿನಲ್ಲಿ ಇಳಿಸಿರಬಹುದು. ಮೂರಕ್ಕೂ ಸೇರಿಸಿ ಒಂದೇ ಅಂಕ ಕೊಟ್ಟರೆ ಮುಂದೆ ಏನು ಕಲಿಸಬೇಕೆಂಬುದು ಆ ಅಂಕದಿಂದ ತಿಳಿಯುವುದಿಲ್ಲ.

ತಯಾರಿ

ಮಗುವಿಗೆ ಮೂರರಂತೆ ಗೆರೆಯಿಲ್ಲದ ಎ4 ಹಾಳೆ. ಗೆರೆ ಹಾಕಿದ ಹಾಳೆ ಕೊಟ್ಟರೆ ಮಗುವಿನ ಗಮನವೆಲ್ಲ ಗೆರೆಯೊಳಗೆ ಕೂರಿಸುವುದರಲ್ಲೇ ಕಳೆಯುತ್ತದೆ. ಐದಕ್ಕಿಂತ ಚಿಕ್ಕವರಿಗೆ ಮೃದುವಾದ 2ಬಿ ಪೆನ್ಸಿಲ್, ದೊಡ್ಡವರಿಗೆ ಎಚ್‌ಬಿ. ಮೆಂಡರ್ ಮಾಡಿದ ಪೆನ್ಸಿಲ್ ಒಂದೆರಡು ಹೆಚ್ಚಿಗೆ ಇರಲಿ. ರಬ್ಬರ್ ಬೇಡವೇ ಬೇಡ. ಮಗು ಅಳಿಸಿದ್ದರಲ್ಲೇ ಅದರ ಯೋಚನೆ ಇರುತ್ತದೆ, ಆದ್ದರಿಂದ 'ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಬರಿ' ಎಂದು ಮೊದಲೇ ಹೇಳಿ. ಸ್ಲೇಟು–ಬಳಪದಲ್ಲೇ ಬರೆದು ರೂಢಿಯಾದ ಮಗುವಿಗೆ ಅದನ್ನೇ ಕೊಡಬಹುದು, ಒರೆಸುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಂಡರೆ ಆಯಿತು.

ಒಂದು ಸಲಕ್ಕೆ ನಾಲ್ಕು ಮಕ್ಕಳು ಸಾಕು. ಪಕ್ಕದವರ ಹಾಳೆ ಕಾಣದಷ್ಟು ದೂರ ಕೂರಿಸಿ. ಐದರ ಒಳಗಿನವರಿಗೆ 10 ನಿಮಿಷ, ಮೇಲಿನವರಿಗೆ 20 ನಿಮಿಷ. ಬೆಳಿಗ್ಗೆ ಹಾಲು ಕುಡಿದ ಮೇಲಿನ ಹೊತ್ತು ಒಳ್ಳೆಯದು. ಬಿಸಿಯೂಟದ ನಂತರ ಕೂರಿಸಿದರೆ ನೀವು ಅಳೆಯುವುದು ನಿದ್ದೆಯನ್ನು. ಎಲ್ಲ ಕೆಲಸವನ್ನೂ ಒಂದೇ ದಿನ ಮಾಡಿಸಬೇಡಿ. ಎರಡು ಅಥವಾ ಮೂರು ದಿನಕ್ಕೆ ಹಂಚಿ.

ಹಾಳೆಯ ಹಿಂಬದಿಯಲ್ಲಿ ತಾರೀಖು, ವಯಸ್ಸು, ಮನೆಮಾತು, ಬರೆದ ಕೈ ಯಾವುದು ಎಂದು ಬರೆದುಕೊಳ್ಳಿ. ವಯಸ್ಸನ್ನು ವರ್ಷ–ತಿಂಗಳಲ್ಲಿ ಬರೆಯಿರಿ. ಒಂದೇ ತರಗತಿಯಲ್ಲಿ ಇಬ್ಬರ ನಡುವೆ ಹನ್ನೊಂದು ತಿಂಗಳ ಅಂತರ ಇರಬಹುದು, ಆರು ವರ್ಷದ ಜೀವಕ್ಕೆ ಅದು ಸಣ್ಣ ಅಂತರವಲ್ಲ.

ನಾಲ್ಕು ಕೆಲಸ

ಮೊದಲನೆಯದು ಚಿತ್ರ ಮತ್ತು ಅದರ ಮಾತು. 'ನಿಮ್ಮ ಮನೇಲಿ ಇರೋದು ಏನಾದ್ರೂ ಒಂದು ಚಿತ್ರ ಬರಿ. ಆಮೇಲೆ ಕೆಳಗಡೆ ಅದರ ಬಗ್ಗೆ ಬರಿ.' ಇಷ್ಟೇ ಹೇಳಿ. ಇಲ್ಲಿ ಒಂದು ಸಣ್ಣ ತೊಡಕಿದೆ. ನಮ್ಮ ಆಡುಮಾತಿನಲ್ಲಿ ಚಿತ್ರವನ್ನೂ 'ಬರಿ', ಅಕ್ಷರವನ್ನೂ 'ಬರಿ'. ಮಗು ಚಿತ್ರ ಮುಗಿಸಿ 'ಬರ್ದೆ ಮಿಸ್' ಎಂದು ಹಾಳೆ ಕೊಟ್ಟರೆ ಅದು ನಿಮ್ಮ ಮಾತನ್ನು ಪಾಲಿಸಿದೆ, ಸೋತಿಲ್ಲ. ಆಗ ಕೇಳಿ: 'ಇದರಲ್ಲಿ ಚಿತ್ರ ಎಲ್ಲಿದೆ? ಓದೋದು ಎಲ್ಲಿದೆ?' ಚಿತ್ರವನ್ನೇ ಎರಡಕ್ಕೂ ತೋರಿಸುವ ಮಗು ಒಂದು ಮೆಟ್ಟಿಲು. ಚಿತ್ರದ ಪಕ್ಕದ ಗೀಚನ್ನು 'ಇದು ಓದೋದು' ಎಂದು ಬೆರಳಿಟ್ಟು ತೋರಿಸುವ ಮಗು ಮುಂದಿನ ಮೆಟ್ಟಿಲು. ನೋಡುವ ನಮಗೆ ಎರಡೂ ಗೀಚಾಗಿಯೇ ಕಾಣುತ್ತವೆ, ಕೇಳದೆ ಈ ವ್ಯತ್ಯಾಸ ತಿಳಿಯುವುದಿಲ್ಲ.

'ಬರೆಯಕ್ಕೆ ಬರಲ್ಲ' ಎಂದರೆ 'ನಿನಗೆ ಬರೋ ಹಾಗೇ ಬರಿ, ನೀನೇ ಓದಿ ಹೇಳು' ಎನ್ನಿ. ಬರೆದ ಮೇಲೆ ಬೆರಳಿಟ್ಟು ಓದಿಸಿ, ಮಗು ಹೇಳಿದ್ದನ್ನು ಹಾಳೆಯ ಹಿಂದೆ ಅದರ ಮಾತಿನಲ್ಲೇ ಬರೆದುಕೊಳ್ಳಿ. ತೆಲುಗಿನಲ್ಲಿ 'ಇದಿ ಮಾ ಆವು' ಎಂದರೆ ಅದನ್ನೇ ಬರೆಯಿರಿ, 'ಇದು ನಮ್ಮ ಹಸು' ಎಂದು ತಿದ್ದಿ ಬರೆಯಬೇಡಿ. ಶಿಡ್ಲಘಟ್ಟದ ಕಡೆಯ ಮಗು ಹಾಳೆ ತುಂಬ ಸುತ್ತಿ ಸುತ್ತಿ ಗೀಚಿದ್ದರೆ 'ಬರೀ ಗೀಚು' ಎಂದು ಗುರುತು ಹಾಕುವ ಮುನ್ನ ಏನದು ಎಂದು ಕೇಳಿ. ರೇಷ್ಮೆಹುಳು ಗೂಡು ಕಟ್ಟುವ ಚಂದ್ರಂಕಿ ಇರಬಹುದು. ಅದರ ಬಿದಿರಿನ ಸುತ್ತುಗಳನ್ನು ಮಗು ಸರಿಯಾಗಿಯೇ ಬರೆದಿದೆ.

ಎರಡನೆಯದು ಹೆಸರು. ಬಹುಪಾಲು ಮಕ್ಕಳಿಗೆ ಮೊದಲು ಬರುವುದು ತಮ್ಮ ಹೆಸರೇ, ಆದ್ದರಿಂದ ಇದು ಧೈರ್ಯ ತುಂಬುವ ಕೆಲಸ. ಆದರೆ ಹೆಸರನ್ನು ಮಗು ಪದವಾಗಿ ಅಲ್ಲ, ಒಂದು ಚಿತ್ರವಾಗಿ ಕಲಿತಿರುತ್ತದೆ. ಹೆಸರಿನಲ್ಲಿ 'ಶ್ರೀ' ಇರುವ ಮಗು ನಾಲ್ಕೂವರೆಗೇ ಶ್ರೀ ಬರೆದೀತು, ಅದಕ್ಕೆ ಒತ್ತಕ್ಷರ ಬರುತ್ತದೆ ಎಂದು ಗುರುತು ಹಾಕಬೇಡಿ. ನಿಜವಾಗಿ ತಿಳಿಯಲು ಹೆಸರಿನ ಅರ್ಧವನ್ನು ಕೈಯಿಂದ ಮುಚ್ಚಿ 'ಈಗ ಇಲ್ಲಿ ಎಷ್ಟು ಕಾಣುತ್ತೆ, ಓದು' ಎನ್ನಿ. ಮುಚ್ಚಿದರೂ ಪೂರ್ತಿ ಹೆಸರನ್ನೇ ಹೇಳುವ ಮಗುವಿಗೆ ಅಕ್ಷರಕ್ಕೂ ಸದ್ದಿಗೂ ನಂಟು ಇನ್ನೂ ಬೆಸೆದಿಲ್ಲ.

ಮೂರನೆಯದು ಒಂಬತ್ತು ಪದಗಳ ಉಕ್ತಲೇಖನ: ಸರ, ಗರಗಸ, ಆನೆ, ಇರುವೆ, ಹಾಲು, ಎಲೆ, ಅಂಗಡಿ, ಹಣ್ಣು, ಸೂರ್ಯ.

ಈ ಪದಗಳನ್ನು ಸುಮ್ಮನೆ ಆರಿಸಿದ್ದಲ್ಲ. ಸರ, ಗರಗಸ ಎರಡೂ ನಲಿಕಲಿಯಲ್ಲಿ ಮೊದಲು ಬರುವ ರ ಗ ಸ ದ ಅ ಗುಂಪಿನವು, ಗುಣಿತ ಬೇಡದವು. ಮಗುವಿಗೆ ಬರೆಯಲು ಏನಾದರೂ ಸಿಗಬೇಕಲ್ಲ. ಆನೆ–ಇರುವೆ ಜೋಡಿ ಬೇರೆಯದೇ ವಿಷಯ ಹೇಳುತ್ತದೆ. ದೊಡ್ಡ ಪ್ರಾಣಿಗೆ ದೊಡ್ಡ ಬರಹ, ಸಣ್ಣದಕ್ಕೆ ಸಣ್ಣದು ಎಂದು ಚಿಕ್ಕ ಮಕ್ಕಳು ನಂಬುತ್ತಾರೆ. ಸ್ಪ್ಯಾನಿಷ್ ಮಾತಾಡುವ ಮಕ್ಕಳ ಜೊತೆ 1970ರ ದಶಕದಲ್ಲಿ ಕೆಲಸ ಮಾಡಿದ ಸಂಶೋಧಕಿ ಎಮಿಲಿಯಾ ಫೆರೈರೊ ಇಂಥ ನಂಬಿಕೆಗಳನ್ನು ವಿವರವಾಗಿ ಗುರುತಿಸಿದರು. ಕನ್ನಡದಲ್ಲಿ ಆನೆಗೆ ಎರಡೇ ಅಕ್ಷರ, ಇರುವೆಗೆ ಮೂರು. ಆನೆಯನ್ನು ಉದ್ದಕ್ಕೆ, ಇರುವೆಯನ್ನು ಚುಟುಕಾಗಿ ಬರೆದ ಮಗು ಇನ್ನೂ ವಸ್ತುವನ್ನು ಬರೆಯುತ್ತಿದೆ, ಸದ್ದನ್ನಲ್ಲ. ಇರುವೆ ಆನೆಗಿಂತ ಉದ್ದವಾದ ದಿನ ಮಗುವಿನ ಕಿವಿ ತೆರೆದಿದೆ ಎಂದು ಗುರುತು ಹಾಕಿ.

ತೆಲುಗು ಮನೆಯ ಮಗುವಿಗೆ ಈ ಜೋಡಿ ಕೈಕೊಡುತ್ತದೆ, ನೆನಪಿಡಿ. ಅಲ್ಲಿ ಆನೆ 'ಏನುಗು', ಇರುವೆ 'ಚೀಮ'. ದೊಡ್ಡದಕ್ಕೆ ಮೂರು, ಸಣ್ಣದಕ್ಕೆ ಎರಡು, ಅಂದರೆ ವಸ್ತುವೂ ಸದ್ದೂ ಒಂದೇ ಕಡೆ ವಾಲುತ್ತವೆ. ಹಾಗಾಗಿ ಬರೆಯುವ ಮುಂಚೆ ಪ್ರತಿ ಪದವನ್ನೂ ಕನ್ನಡದಲ್ಲಿ ಮಗುವಿನ ಬಾಯಲ್ಲೇ ಹೇಳಿಸಿ. ಬರೀ ಚಿತ್ರ ತೋರಿಸಿ 'ಬರಿ' ಎಂದರೆ ಹಾಲಿನ ಲೋಟ ನೋಡಿದ ಮಗು 'ಪಾಲು' ಎಂದು ಬರೆಯುತ್ತದೆ. ಅದು ತಪ್ಪಲ್ಲ, ನೀವು ಕೇಳಿದ ಪ್ರಶ್ನೆ ತಪ್ಪು.

ಹೇಳುವಾಗ ಪದವನ್ನು ಬಿಡಿಸಿ ಹೇಳಬೇಡಿ. 'ಹ... ಣ್ಣು' ಎಂದು ಎಳೆದರೆ ಮಗುವಿನ ಕೆಲಸವನ್ನು ನೀವೇ ಮಾಡಿಕೊಟ್ಟಂತೆ. ಎಂದಿನ ವೇಗದಲ್ಲಿ ಎರಡು ಸಲ ಹೇಳಿ, ಮಗುವಿನಿಂದ ಒಂದು ಸಲ ಹೇಳಿಸಿ, ಬಿಟ್ಟುಬಿಡಿ. ಮಗು ಹೇಳಿದ ರೀತಿಯನ್ನು ಪಕ್ಕದಲ್ಲಿ ಗುರುತು ಮಾಡಿಕೊಳ್ಳುವುದು ಮುಖ್ಯ, ಏಕೆ ಎಂಬುದು ಮುಂದೆ ಬರುತ್ತದೆ. ನಾಲ್ಕನೇ ಪದದ ಹೊತ್ತಿಗೆ ಮಗು ಪೆನ್ಸಿಲ್ ಕೆಳಗಿಟ್ಟರೆ ಅಲ್ಲಿಗೇ ನಿಲ್ಲಿಸಿ.

ನಾಲ್ಕನೆಯದು ಸ್ವಂತ ವಾಕ್ಯ. ಒಂದನೇ ತರಗತಿಯ ಎರಡನೇ ಅರ್ಧದಿಂದ ಮೇಲಕ್ಕೆ. ಮಗು ಕಣ್ಣಾರೆ ಕಂಡದ್ದನ್ನು ಕೇಳಿ: ಮಾವಿನ ತೋಪು, ಟೊಮೆಟೊ ಬಾಕ್ಸು, ಊರ ಜಾತ್ರೆ, ಮನೆಯ ಕುರಿಮರಿ. 'ನನ್ನ ಶಾಲೆ', 'ಹಸು' ಎಂಬ ವಿಷಯ ಬೇಡ. ಅವು ಬಾಯಿಪಾಠ ಆಗಿಹೋಗಿವೆ. ಹಸುವಿಗೆ ನಾಲ್ಕು ಕಾಲು, ಎರಡು ಕೊಂಬು ಎಂದೇ ಎಲ್ಲ ಹಾಳೆಯೂ ಶುರುವಾಗುತ್ತದೆ. ಆಡುಮಾತಿನಲ್ಲಿ ಬರೆದರೆ ಹಾಗೇ ಸ್ವೀಕರಿಸಿ. 'ನಾನು ಜಾತ್ರೆಗೆ ಹೋಗಿದ್ದೆ' ಎಂಬುದು 'ನಾನು ಜಾತ್ರೆಗ್ ಓಗಿದ್ದೆ' ಎಂದು ಬಂದರೆ ವಾಕ್ಯ ಪೂರ್ತಿಯಾಗಿದೆ.

ಹಾಳೆಯನ್ನು ಓದುವುದು

ಅಕ್ಷರ ಕಾಣದ ಹಾಳೆಯನ್ನೂ ಮೆಟ್ಟಿಲಾಗಿ ಓದಬಹುದು. ಎಲ್ಲ ದಿಕ್ಕಿಗೂ ಓಡುವ ಗೀಚು ಮೊದಲನೆಯದು. ಆಮೇಲೆ ಗೀಚು ಸಾಲಾಗುತ್ತದೆ, ಎಡದಿಂದ ಬಲಕ್ಕೆ ಅಲೆಯಂತೆ ಹರಿಯುತ್ತದೆ. ದೊಡ್ಡವರ ಕೈಬರಹದ ನಟನೆ ಅದು. ನಂತರ ಬಿಡಿಬಿಡಿ ಆಕಾರಗಳು ಬರುತ್ತವೆ: ಸೊನ್ನೆ, ಕೊಕ್ಕೆ, ತಲೆಕಟ್ಟಿನಂಥ ಗೆರೆ. ನಮ್ಮ ಮಕ್ಕಳ ಹುಸಿ ಅಕ್ಷರಗಳು ದುಂಡಗಿರುತ್ತವೆ, ಏಕೆಂದರೆ ಕನ್ನಡ ಅಕ್ಷರಗಳೇ ದುಂಡು. ಅದಾದ ಮೇಲೆ ಗೊತ್ತಿರುವ ನಾಲ್ಕೈದು ನಿಜ ಅಕ್ಷರಗಳನ್ನೇ ತಿರುವಿ ಮುರುವಿ ಬರೆಯುವ ಹಂತ. ಆನೆಗೆ 'ರಸಗ', ಇರುವೆಗೆ 'ಗರಸ'. ಸದ್ದಿಗೆ ಸಂಬಂಧವಿಲ್ಲ, ಆದರೆ ಎರಡು ಪದಕ್ಕೆ ಎರಡು ಬೇರೆ ಜೋಡಣೆ ಬೇಕೆಂಬುದು ಮಗುವಿಗೆ ಗೊತ್ತಾಗಿದೆ. ಆಮೇಲೆ ಸದ್ದಿಗೊಂದು ಅಕ್ಷರ, ಆಮೇಲೆ ಗುಣಿತ, ಕೊನೆಗೆ ಒತ್ತು. ಒಂದೇ ಹಾಳೆಯಲ್ಲಿ ಎರಡು ಮೆಟ್ಟಿಲು ಬೆರೆತಿರುವುದು ಸಾಮಾನ್ಯ, ಮೇಲಿನದನ್ನು ಬರೆದು ಪಕ್ಕದಲ್ಲಿ 'ಶುರು' ಎಂದು ಗುರುತು ಹಾಕಿ.

ಸದ್ದಿಗೊಂದು ಅಕ್ಷರ ಎಂಬ ಹಂತಕ್ಕೆ ಬಂದ ಮಗುವಿಗೆ ಮಾತ್ರ ಅಂಕ ಹಾಕಿ. ಒಂಬತ್ತು ಪದಗಳಲ್ಲಿ ಒಟ್ಟು 22 ಅಕ್ಷರ ಸ್ಥಾನಗಳಿವೆ. ಮೂರು ಸಾಲಿನಲ್ಲಿ ಎಣಿಸಿ. ಮೊದಲ ಸಾಲು ಸ್ಥಾನ: ಅಲ್ಲಿ ಏನಾದರೂ ಒಂದು ಅಕ್ಷರ ಇದೆಯೇ, 22ಕ್ಕೆ. ಎರಡನೇ ಸಾಲು ಮೂಲಾಕ್ಷರ: ಗುಣಿತ ಬಿಟ್ಟು ಸ್ವರ ಅಥವಾ ವ್ಯಂಜನ ಸರಿಯೇ, 22ಕ್ಕೆ. ಮೂರನೇ ಸಾಲು ಚಿಹ್ನೆ: 9 ಗುಣಿತ, 2 ಒತ್ತು, 1 ಸೊನ್ನೆ, ಒಟ್ಟು 12ಕ್ಕೆ.

ಒಂದು ಹಾಳೆಯನ್ನು ಹೀಗೆ ಎಣಿಸೋಣ. ಮಗು ಬರೆದದ್ದು: ಸರ, ಗರಗಸ, ಆನ, ಇರವ, ಆಲ, ಯಲ, ಅಗಡ, ಅಣ, ಸರಯ. ಸರಿ–ತಪ್ಪು ಲೆಕ್ಕದಲ್ಲಿ ಒಂಬತ್ತಕ್ಕೆ ಎರಡು, 'ಮನೆಯಲ್ಲಿ ಅಭ್ಯಾಸ ಮಾಡಿಸಿ' ಎಂಬ ಷರಾ. ಈಗ ನಮ್ಮ ಲೆಕ್ಕ. ಸ್ಥಾನ 22ಕ್ಕೆ 22, ಸೂರ್ಯದಲ್ಲಿ ಒಂದು ಹೆಚ್ಚಿಗೆ. ಮೂಲಾಕ್ಷರ 19. ಉಳಿದ ಮೂರೂ ಮಾತಿನಿಂದ ಬಂದವು: ಹಾಲಿಗೆ ಆಲು, ಹಣ್ಣಿಗೆ ಅಣ್ಣು, ಎಲೆಗೆ ಯೆಲೆ ಎಂದು ಮಗು ಹೇಳಿದೆ, ಹೇಳಿದಂತೆ ಬರೆದಿದೆ. ಸೇರಿಸಿದರೆ ಅದೂ 22. ಚಿಹ್ನೆ 12ಕ್ಕೆ 1, ಆಲ ಎಂಬುದರ ದೀರ್ಘ ಮಾತ್ರ. ಅಂದರೆ ಈ ಮಗುವಿನ ಕಿವಿ ಚುರುಕು, ಮೂಲಾಕ್ಷರ ಗಟ್ಟಿ, ಗುಣಿತದ ಬಾಗಿಲಲ್ಲಿ ನಿಂತಿದೆ. ಅದನ್ನು ಮತ್ತೆ ಅ ಆ ಇ ಈ ಕಾಪಿಗೆ ಕೂರಿಸುವುದು ಊರು ತಲುಪಿದವರನ್ನು ವಾಪಸು ಬಸ್ ಹತ್ತಿಸಿದ ಹಾಗೆ.

ಗುಣಿತ ಏಕೆ ತಡವಾಗುತ್ತದೆ? 34 ವ್ಯಂಜನಕ್ಕೆ 13 ಸ್ವರ ಸೇರಿದರೆ 442 ರೂಪಗಳು. 'ತಲೆಕಟ್ಟು ಕ, ಇಳಿ ಕಾ, ಗುಡಿಸು ಕಿ' ಎಂದು ರಾಗವಾಗಿ ಹೇಳುವ ಮಗುವಿಗೆ 'ಡಿ ಬರಿ' ಎಂದರೆ ಡ ಡಾ ಡಿ ಎಂದು ಮೊದಲಿಂದ ಹಾಡಿಕೊಂಡು ಬರಬೇಕಾಗುತ್ತದೆ. ತುಟಿ ಅಲುಗುತ್ತಿದ್ದರೆ ಅದನ್ನೂ ಬರೆದುಕೊಳ್ಳಿ. ಪಾಠ ಬಂದಿದೆ, ಬಿಡಿಯಾಗಿ ಇನ್ನೂ ಕೈಗೆ ಸಿಕ್ಕಿಲ್ಲ ಎಂದರ್ಥ. ಕನ್ನಡ ಮಕ್ಕಳ ಅಕ್ಷರಜ್ಞಾನ ನಾಲ್ಕನೇ ತರಗತಿಯವರೆಗೂ ಬೆಳೆಯುತ್ತಲೇ ಇರುತ್ತದೆ ಎಂದು ಸೋನಾಲಿ ನಾಗ್ ಅವರ 2007ರ ಅಧ್ಯಯನ ತೋರಿಸಿದೆ. ಒಂದನೇ ತರಗತಿ ಮುಗಿಯುವಷ್ಟರಲ್ಲಿ ಎಲ್ಲ ಬರಬೇಕು ಎಂಬ ಆತುರ ಇಂಗ್ಲಿಷಿನ 26 ಅಕ್ಷರ ನೋಡಿ ಹುಟ್ಟಿದ್ದು.

ಒತ್ತಿನ ಕಷ್ಟ ಇನ್ನೂ ಆಳದ್ದು. ಮಗುವಿಗೆ ಚಪ್ಪಾಳೆ ತಟ್ಟಿ 'ಅಮ್ಮ' ಹೇಳು ಎನ್ನಿ, 'ಅಮ್–ಮ' ಎಂದು ತಟ್ಟುತ್ತದೆ. ಕಿವಿಗೆ ಮೊದಲ ಮ ಹಿಂದಿನ ಅಕ್ಷರಕ್ಕೆ ಸೇರಿದ್ದು. ಬರೆಯುವಾಗ ನಾವು ಅದನ್ನು ಮುಂದಿನ ಅಕ್ಷರದಲ್ಲಿ ಸೇರಿಸಿ 'ಅ–ಮ್ಮ' ಎನ್ನುತ್ತೇವೆ. ಅದಕ್ಕೇ ಕೆಲವರು 'ಅಮಮ' ಬರೆಯುತ್ತಾರೆ, ಕೆಲವರು 'ಅಮ' ಬರೆಯುತ್ತಾರೆ. ಎರಡಕ್ಕೂ ಒಂದೇ ತಪ್ಪು ಗುರುತು ಹಾಕಬೇಡಿ. ಅಮಮ ಬರೆದ ಮಗುವಿಗೆ ಎರಡು ಮ ಕೇಳಿಸಿದೆ, ಎಲ್ಲಿಡಬೇಕೆಂಬುದು ಮಾತ್ರ ಬಾಕಿ. ಅರ್ಕಾವೊತ್ತು ಇದಕ್ಕಿಂತ ತುಂಟ: ಸೂರ್ಯದಲ್ಲಿ ರ್ ಮೊದಲು ಕೇಳಿಸಿ ಕೊನೆಗೆ ಬರೆಯಿಸಿಕೊಳ್ಳುತ್ತದೆ. 'ಸರಯ' ಎಂದವರ ಕಿವಿ ಸರಿಯಾಗಿದೆ.

ಒಂದನ್ನೊಂದು ಹೋಲುವ ಅಕ್ಷರಗಳ ಗೊಂದಲವನ್ನು ಬೇರೆ ಬರೆದಿಡಿ: ನ–ಸ, ವ–ಮ, ಪ–ಷ, ರ–ಠ, ಎ–ಏ. ಇವು ಕಣ್ಣಿನ ತಪ್ಪುಗಳು. ದ–ಧ, ಬ–ಭ ಮಾತ್ರ ಕಣ್ಣಿನದೂ ಹೌದು, ಬಾಯಿಯದೂ ಹೌದು. ನಮ್ಮ ಸೀಮೆಯ ಆಡುಮಾತಿನಲ್ಲಿ ಮಹಾಪ್ರಾಣ ದೊಡ್ಡವರ ಬಾಯಲ್ಲೇ ಅಪರೂಪ.

ಮನೆಮಾತಿನ ಲೆಕ್ಕ

ಮಗು ಪದವನ್ನು ಹೇಗೆ ಹೇಳಿತು ಎಂದು ಬರೆದುಕೊಂಡದ್ದು ಈಗ ಉಪಯೋಗಕ್ಕೆ ಬರುತ್ತದೆ. 'ಆಲು' ಎಂದು ಹೇಳಿ 'ಆಲು' ಬರೆದರೆ ಕಿವಿ ಸರಿ, ಹ ಅಕ್ಷರಕ್ಕೆ ಕೊರತೆ ಎಣಿಸಬೇಡಿ. 'ಹಾಲು' ಎಂದು ಹೇಳಿ 'ಆಲು' ಬರೆದರೆ ಆಗ ಹ ಅಕ್ಷರ ಗೊತ್ತಿಲ್ಲ. ಹಾಳೆ ಮಾತ್ರ ನೋಡಿದರೆ ಎರಡೂ ಒಂದೇ. ಎಲೆ ಯೆಲೆಯಾಗುವುದು, ಒಂಟೆ ವೊಂಟೆಯಾಗುವುದು ಕನ್ನಡ ಮನೆಯಲ್ಲೂ ಇದ್ದದ್ದೇ.

ಕೆಜಿಎಫ್, ಬಂಗಾರಪೇಟೆ ಕಡೆ ತಮಿಳು ಮನೆಯ ಮಕ್ಕಳಲ್ಲಿ ಕ–ಗ, ಟ–ಡ, ತ–ದ, ಪ–ಬ ಅದಲುಬದಲು ಹೆಚ್ಚು. ಗರಗಸ 'ಕರಕಸ' ಆದೀತು. ತಮಿಳು ಬರಹದಲ್ಲಿ ಈ ಜೋಡಿಗಳಿಗೆ ಬೇರೆ ಬೇರೆ ಅಕ್ಷರವೇ ಇಲ್ಲ. ಉರ್ದು ಮನೆಯ ಮಕ್ಕಳು ಹಕಾರ, ಮಹಾಪ್ರಾಣ ಚೆನ್ನಾಗಿ ಹೇಳುತ್ತಾರೆ, ಣ–ಳ ತಡವರಿಸುತ್ತಾರೆ. ಹಣ್ಣು 'ಹನ್ನು' ಆಗುತ್ತದೆ. ಬೆಳಿಗ್ಗೆ ಅರಬ್ಬಿ ಪಾಠಕ್ಕೆ ಹೋಗುವ ಮಗು ಬಲದಿಂದ ಎಡಕ್ಕೆ ಬರೆದರೆ ಗಾಬರಿ ಬೇಡ. ಅದು ಕಲಿತ ದಿಕ್ಕು. ಹಾಳೆಯ ಎಡ ಅಂಚಿಗೆ ಒಂದು ಬಣ್ಣದ ಚುಕ್ಕಿ ಇಟ್ಟು 'ಕನ್ನಡ ಇಲ್ಲಿಂದ' ಎಂದರೆ ಕೆಲವೇ ವಾರದಲ್ಲಿ ಎರಡೂ ಬೇರೆಯಾಗುತ್ತವೆ. ಬಾಗೇಪಲ್ಲಿ, ಶ್ರೀನಿವಾಸಪುರದಲ್ಲಿ ಅಂಗಡಿ ಬೋರ್ಡಿನ ತೆಲುಗು ನೋಡಿ ಬೆಳೆದ ಮಗು ಕನ್ನಡ ಅಕ್ಷರಕ್ಕೆ ತೆಲುಗಿನ ತಲೆಕಟ್ಟು ಹಾಕುವುದೂ ಉಂಟು. ಎರಡು ಲಿಪಿಗಳೂ ಅಕ್ಕ ತಂಗಿಯರು, ಮೂಲಾಕ್ಷರ ಸರಿ ಎಂದೇ ಎಣಿಸಿ.

ಕೈ

ಕೈಯ ಬೆಳವಣಿಗೆಯನ್ನು ಅಕ್ಷರದಿಂದ ಅಳೆಯುವುದಕ್ಕಿಂತ ಆಕಾರದಿಂದ ಅಳೆಯುವುದು ಸುಲಭ. ನೀವು ಬರೆದು ತೋರಿಸದೆ, ಮೊದಲೇ ಬರೆದ ಆಕಾರ ಕೊಟ್ಟು ನೋಡಿ ಬರೆಯಿಸಿ. ಸುಮಾರು ಮೂರಕ್ಕೆ ಸೊನ್ನೆ, ನಾಲ್ಕಕ್ಕೆ ಕೂಡು ಗುರುತು, ನಾಲ್ಕೂವರೆಯಿಂದ ಐದಕ್ಕೆ ಚೌಕ, ಐದರಿಂದ ಐದೂವರೆಗೆ ತ್ರಿಕೋನ. ಆರು ತಿಂಗಳು ಆಚೀಚೆ ಇದ್ದರೆ ಚಿಂತೆಯಿಲ್ಲ. ಎಲ್‌ಕೆಜಿಯಲ್ಲಿ ತಿಂಗಳುಗಟ್ಟಲೆ ಮಾಡಿಸುವ ಸ್ಟ್ಯಾಂಡಿಂಗ್ ಲೈನ್, ಸ್ಲೀಪಿಂಗ್ ಲೈನ್ ಇಂಗ್ಲಿಷ್ ಅಕ್ಷರಕ್ಕೆ ಹೊಂದುವಂಥವು. ಕನ್ನಡಕ್ಕೆ ಬೇಕಾದದ್ದು ಸುತ್ತಿ, ನಿಂತು, ದಿಕ್ಕು ಬದಲಿಸಿ ಮತ್ತೆ ಸುತ್ತುವ ಹಿಡಿತ. ಎರಡು ಸೊನ್ನೆ ಅಂಟಿಸಿದ ಆಕಾರ, ಸುರುಳಿ, ಕೊಕ್ಕೆ, ಇವನ್ನು ಮಾಡಿಸಿ ನೋಡಿ. ಚುಕ್ಕಿಯ ಸುತ್ತ ಎಳೆ ಸುತ್ತುವ ರಂಗೋಲಿಗಿಂತ ಒಳ್ಳೆಯ ಪರೀಕ್ಷೆ ಇದಕ್ಕೆ ಇಲ್ಲ.

ಪೆನ್ಸಿಲ್ ಹಿಡಿತ ಮುಷ್ಟಿಯಿಂದ ಶುರುವಾಗಿ, ಬೆರಳು ಕೆಳಮುಖವಾಗಿ, ಸುಮಾರು ನಾಲ್ಕರ ಹೊತ್ತಿಗೆ ಮೂರು ಬೆರಳಿಗೆ ಬರುತ್ತದೆ. ಆಗಲೂ ಚಲಿಸುವುದು ಮಣಿಕಟ್ಟು. ಬೆರಳೇ ಚಲಿಸುವುದು ಐದು–ಆರರ ಹೊತ್ತಿಗೆ. ನಾಲ್ಕು ಬೆರಳಲ್ಲಿ ಹಿಡಿದರೂ ಕೈ ನೋಯದೆ, ಅಕ್ಷರ ಓದುವಂತಿದ್ದರೆ ತಿದ್ದಬೇಡಿ. ಹಾಳೆ ತಿರುಗಿಸಿ ಬೆರಳಾಡಿಸಿ. ಹಿಂಬದಿಯಲ್ಲಿ ಉಬ್ಬು ಕೈಗೆ ಚುಚ್ಚುವಷ್ಟಿದ್ದರೆ ಮಗು ಅತಿಯಾಗಿ ಒತ್ತುತ್ತಿದೆ, ಬೇಗ ದಣಿಯುತ್ತದೆ. ಪೂರ್ತಿ ಪೆನ್ಸಿಲ್ ಬದಲು ಬೆರಳುದ್ದದ ತುಂಡು ಪೆನ್ಸಿಲ್, ಮುರಿದ ಬಳಪ ಕೊಡಿ. ತುಂಡನ್ನು ಮುಷ್ಟಿಯಲ್ಲಿ ಹಿಡಿಯಲು ಜಾಗವೇ ಇರುವುದಿಲ್ಲ, ಬೆರಳು ತಾನಾಗಿ ಮುಂದೆ ಬರುತ್ತದೆ.

ಎಡಗೈಯಲ್ಲಿ ಬರೆಯುವ ಮಗುವನ್ನು ಸಾಲಿನ ಎಡ ತುದಿಗೆ ಕೂರಿಸಿ, ಇಲ್ಲದಿದ್ದರೆ ಪಕ್ಕದವರ ಮೊಣಕೈಗೆ ಬಡಿಯುತ್ತದೆ. ಹಾಳೆಯ ಮೇಲಂಚನ್ನು ಸ್ವಲ್ಪ ಬಲಕ್ಕೆ ವಾಲಿಸಿ. ಕೈ ಬದಲಿಸಬೇಡಿ, ಅಜ್ಜಿ ಬೈದರೂ ಬೇಡ. ಕನ್ನಡಿ ಬಿಂಬದಂತೆ ತಿರುಗಿದ ಅಕ್ಷರ ಏಳರವರೆಗೂ ಸಾಮಾನ್ಯ, ಬರೆದಿಟ್ಟುಕೊಂಡರೆ ಸಾಕು.

ಎಲ್ಲಿ ಹದ ತಪ್ಪುತ್ತದೆ

ಹೆಚ್ಚಿನ ತಪ್ಪು ಅಳೆಯುವವರದ್ದೇ. ಮಗು ತಡವರಿಸಿದಾಗ ತುಟಿ ಆಡಿಸಿ ತೋರಿಸುವುದು, 'ಅದಲ್ಲ, ಇನ್ನೊಂದು ಮ' ಎಂದು ಉಸುರುವುದು. ಆ ಹಾಳೆ ನಿಮ್ಮದಾಯಿತು. ಸಹಾಯ ಮಾಡಲೇಬೇಕಾದರೆ ಮಾಡಿ, ಆದರೆ 'ಸ' ಎಂದು ಪಕ್ಕದಲ್ಲಿ ಗುರುತು ಹಾಕಿ. ಗೋಡೆಯ ವರ್ಣಮಾಲೆ ಚಾರ್ಟು ಎದುರಿಗಿದ್ದರೆ ಮಗು ಅಲ್ಲಿಂದ ಅಕ್ಷರ ಹುಡುಕುತ್ತದೆ. ಮುಚ್ಚಬೇಕಿಲ್ಲ; ಹುಡುಕಿ ಸರಿಯಾದದ್ದನ್ನು ತಂದರೆ ಅದೂ ಒಂದು ತಿಳಿವಳಿಕೆ, ಹಾಗೆಂದು ಬರೆಯಿರಿ. ಇನ್ನೊಂದು ಸಾಮಾನ್ಯ ಎಡವಟ್ಟು ಅಂದವನ್ನು ಅರಿವೆಂದು ತಿಳಿಯುವುದು. ಅಂದವಾದ ಖಾಲಿತನಕ್ಕೆ ಹೆಚ್ಚು ಅಂಕ ಬಿದ್ದರೆ ಉಳಿದ ಮಕ್ಕಳು ಗೊತ್ತಿರುವ ಎರಡು ಪದ ಬಿಟ್ಟು ಮೂರನೆಯದಕ್ಕೆ ಕೈ ಹಾಕುವುದಿಲ್ಲ. ಮಕ್ಕಳ ಮುಂದೆಯೇ ಕೆಂಪು ಪೆನ್ನು ತೆಗೆಯಬೇಡಿ.

ದಾಖಲೆ

ವರ್ಷಕ್ಕೆ ಮೂರು ಸಲ ಸಾಕು: ಜುಲೈ, ದಸರಾ ರಜೆ ಮುಗಿದ ಮೇಲೆ ನವೆಂಬರ್, ಮತ್ತೆ ಫೆಬ್ರವರಿ. ಜೂನಿನ ಮೊದಲ ವಾರದಲ್ಲಿ ಬೇಡ, ಅಷ್ಟರಲ್ಲಿ ಬೇಸಿಗೆ ರಜೆ ಎಲ್ಲವನ್ನೂ ಒರೆಸಿರುತ್ತದೆ. ಒಂದು ಮಗುವಿಗೆ ಒಂದು ರಟ್ಟಿನ ಫೈಲು, ಅದರಲ್ಲಿ ಮೂರು ಸಲದ ಹಾಳೆಗಳು. ಮೇಲ್ಪುಟದಲ್ಲಿ ನಾಲ್ಕು ಸಾಲು ಮಾತ್ರ: ಕೈ, ಕಿವಿ (ಸ್ಥಾನ–ಮೂಲಾಕ್ಷರ–ಚಿಹ್ನೆ), ಮಾತು, ಮುಂದಿನ ಹೆಜ್ಜೆ. ಮೇಲಿನ ಮಗುವಿಗೆ ಹೀಗಾಗುತ್ತದೆ: 'ಮೂರು ಬೆರಳ ಹಿಡಿತ, ಒತ್ತಡ ಹೆಚ್ಚು. 22–22–1, ಮೂರು ಮಾತಿನಿಂದ. ಕುರಿಮರಿ ಬಗ್ಗೆ ಎರಡು ವಾಕ್ಯ ಹೇಳಿತು, ಒಂದು ಬರೆಯಿತು. ಮುಂದೆ ಗುಡಿಸು ಮತ್ತು ಕೊಂಬು.' ನಲಿಕಲಿಯ ಪ್ರಗತಿ ನೋಟದಲ್ಲಿ ಮೈಲಿಗಲ್ಲು ದಾಟಿದ ಗುರುತು ಇರುತ್ತದೆ. ಹೇಗೆ ದಾಟಿತು ಎಂಬುದು ಈ ಫೈಲಿನಲ್ಲಿರುತ್ತದೆ. ಪೋಷಕರಿಗೆ ಜುಲೈ ಮತ್ತು ಫೆಬ್ರವರಿಯ ಹಾಳೆಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿ. ಓದು ಬಾರದ ತಾಯಿಗೂ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ.

ಮುಂದಿನ ಹೆಜ್ಜೆ ಒಂದೇ ಇರಲಿ, ಹೆಚ್ಚೆಂದರೆ ಎರಡು. ಸ್ಥಾನ ತಪ್ಪುವ ಮಗುವಿಗೆ ಅಕ್ಷರವೇ ಬೇಡ. ಪದ ಹೇಳಿ ಸದ್ದಿಗೊಂದರಂತೆ ಹುಣಸೆಬೀಜ ಇಡಿಸಿ, ಗರಗಸಕ್ಕೆ ನಾಲ್ಕು, ಸರಕ್ಕೆ ಎರಡು. ಮೂಲಾಕ್ಷರ ತಪ್ಪುವವರಿಗೆ ತಟ್ಟೆಯಲ್ಲಿ ರಾಗಿ ಹರಡಿ ಬೆರಳಲ್ಲಿ ದೊಡ್ಡದಾಗಿ ಬರೆಯಿಸಿ. ಗೊಂದಲದ ಜೋಡಿ ನ–ಸ ಎರಡನ್ನೂ ಒಂದೇ ದಿನ ಹಿಡಿಯಬೇಡಿ. ಚಿಹ್ನೆ ತಪ್ಪುವವರಿಗೆ ಒಂದೇ ಗುಣಿತವನ್ನು ಹಲವು ವ್ಯಂಜನಕ್ಕೆ ಹಚ್ಚಿಸಿ: ಕಿ ಗಿ ಡಿ ಲಿ ರಿ. ಒಂದು ವ್ಯಂಜನಕ್ಕೆ ಎಲ್ಲ ಗುಣಿತ ಹಚ್ಚುವ ರಾಗಕ್ಕಿಂತ ಇದು ಬೇಗ ಕೈಗೆ ಹತ್ತುತ್ತದೆ, ಏಕೆ ಅಂದರೆ ಕಣ್ಣು ಗುಡಿಸಿನ ಮೇಲೇ ನಿಲ್ಲುತ್ತದೆ.

ಕೆಲವು ಸಂಗತಿಗಳನ್ನು ಮಾತ್ರ ಮುಂದಿನ ಸಲಕ್ಕೆ ಬಿಡಬಾರದು. ಹಾಳೆಯನ್ನು ಮುಖಕ್ಕೆ ಹತ್ತಿರ ತರುವುದು, ಒಂದು ಕಣ್ಣು ಮುಚ್ಚಿ ನೋಡುವುದು. ಪದವನ್ನು ಮತ್ತೆ ಮತ್ತೆ ಹೇಳಿಸಿಕೊಳ್ಳುವುದು, ನಿಮ್ಮ ತುಟಿ ನೋಡಿಯೇ ಬರೆಯುವುದು. ಕಿವಿ ಸೋರುವ ಮಕ್ಕಳಲ್ಲಿ ಇದು ಹೆಚ್ಚು. ನಾಲ್ಕೂವರೆ ದಾಟಿದರೂ ಸೊನ್ನೆ ಮುಚ್ಚದಿರುವುದು. ಮುಂಚೆ ಬರೆಯುತ್ತಿದ್ದದ್ದನ್ನು ಮಗು ಕಳೆದುಕೊಳ್ಳುವುದು, ಇದು ಎಲ್ಲಕ್ಕಿಂತ ತುರ್ತು. ಇಂಥ ಮಗುವಿನ ಹೆಸರನ್ನು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡಕ್ಕೆ ಕೊಡಿ. ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರುತ್ತದೆ. ಅವರ ಸರದಿ ದೂರವಿದ್ದರೆ ಕಾಯದೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕಳಿಸಿ. ಶಾಲೆಯ ಮಗುವಾದರೆ ಬಿಆರ್‌ಸಿಯ (ತಾಲೂಕಿನ ಶಿಕ್ಷಣ ಸಂಪನ್ಮೂಲ ಕೇಂದ್ರ) ಬಿಐಇಆರ್‌ಟಿಗೂ, ಅಂದರೆ ವಿಶೇಷ ಅಗತ್ಯದ ಮಕ್ಕಳನ್ನು ನೋಡಿಕೊಳ್ಳುವ ಸಂಪನ್ಮೂಲ ಶಿಕ್ಷಕರಿಗೂ ತಿಳಿಸಿ. ಜೊತೆಗೆ ಫೈಲಿನ ಹಾಳೆಗಳನ್ನೇ ಕಳಿಸಿ. 'ಕಲಿಕೆಯಲ್ಲಿ ಹಿಂದೆ' ಎಂಬ ಚೀಟಿಯಿಂದ ವೈದ್ಯರಿಗೆ ಏನೂ ತಿಳಿಯುವುದಿಲ್ಲ. ತಾರೀಖು ಹಾಕಿದ ಮೂರು ಹಾಳೆಗಳಿಂದ ತಿಳಿಯುತ್ತದೆ.